ಟೈಮಿಂಗ್ ಬೆಲ್ಟ್ ತುಂಡಾದಾಗ: ಮತ್ತೊಮ್ಮೆ ಸೆಲ್ಫ್ ಹೊಡೆಯುವ ಮುನ್ನ

ಹಳೆಯ ಕಾರಿನ ಇಂಜಿನ್ ಕೆಡುವ ಮುಂಚೆ ಏನಾದರೊಂದು ಸುಳಿವು ಕೊಡುತ್ತದೆ. ಪಿಕಪ್ ಕುಗ್ಗುತ್ತದೆ, ಹೊಗೆ ಬರುತ್ತದೆ, ಬಿಸಿ ಏರುತ್ತದೆ. ಟೈಮಿಂಗ್ ಬೆಲ್ಟ್ ಮಾತ್ರ ಬಹುಮಟ್ಟಿಗೆ ಹೇಳದೆ ಕೇಳದೆ ತುಂಡಾಗುತ್ತದೆ. ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆದ ಗಾಡಿ ಮಧ್ಯಾಹ್ನ ಹೆದ್ದಾರಿಯ ನಡುವೆ ಸದ್ದಡಗಿ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಬ್ಯಾಟರಿ ಚೆನ್ನಾಗಿದೆ, ಟೆಂಪರೇಚರ್ ಮುಳ್ಳು ಇರಬೇಕಾದಲ್ಲೇ ಇದೆ. ಆಗ ಕೈ ತಾನಾಗಿ ಕೀಲಿಯತ್ತ ಹೋಗುತ್ತದೆ. ಕೈಯನ್ನು ಅಲ್ಲೇ ತಡೆಯಿರಿ. ಓಡುತ್ತಿದ್ದ ಹಳೆಯ ಕಾರು ಹೀಗೆ ಒಮ್ಮೆಲೇ ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ನಾಲ್ಕು ಜನರನ್ನು ಸೇರಿಸಿ ತಳ್ಳಿ ಸ್ಟಾರ್ಟ್ ಮಾಡಲು ಹೋಗಲೇಬೇಡಿ.

ಬೆಲ್ಟಿಗೆ ಆಗುವ ಖರ್ಚು ಸಣ್ಣದು. ಅದು ತುಂಡಾದ ಮೇಲೆ ಅವಸರಪಟ್ಟು ಮಾಡುವ ಕೆಲಸಗಳಿಗೆ ತೆರುವ ಬೆಲೆ ದೊಡ್ಡದು. ಹೊಸ ಬೆಲ್ಟ್ ಹಾಕಿಸುವ ಮುಂಚೆ ಎರಡು ಪ್ರಶ್ನೆಗೆ ಉತ್ತರ ಸಿಗಬೇಕು: ಹಳೆಯದು ಯಾಕೆ ತುಂಡಾಯಿತು? ತುಂಡಾಗುವಾಗ ಒಳಗೆ ಏನನ್ನು ಕೆಡಿಸಿತು? ಈ ಎರಡನ್ನೂ ಕೇಳಿ ತಿಳಿದ ಮಾಲೀಕನ ದುಡ್ಡು ಉಳಿಯುತ್ತದೆ, ಕಾರೂ ಉಳಿಯುತ್ತದೆ.

ಬೆಲ್ಟ್ ಮಾಡುವ ಕೆಲಸ

ಬಾನೆಟ್ ಎತ್ತಿದ ಕೂಡಲೇ ಕಾಣುವ ಫ್ಯಾನ್ ಬೆಲ್ಟ್ ಬೇರೆ, ಟೈಮಿಂಗ್ ಬೆಲ್ಟ್ ಬೇರೆ. ಎರಡನೆಯದು ಇಂಜಿನ್ನಿನ ಒಂದು ಬದಿಯಲ್ಲಿ ಪ್ಲಾಸ್ಟಿಕ್ ಕವರಿನ ಹಿಂದೆ ಅಡಗಿರುತ್ತದೆ. ಒಳಮೈಯಲ್ಲಿ ಹಲ್ಲುಗಳಿರುವ ಈ ರಬ್ಬರ್ ಪಟ್ಟಿಯ ಹೊಟ್ಟೆಯೊಳಗೆ ಗಾಜಿನ ನಾರಿನ ಹುರಿಗಳಿರುತ್ತವೆ. ಎಳೆತವನ್ನು ತಡೆಯುವುದು ಈ ಹುರಿಗಳೇ.

ಕೆಳಗಿನ ಕ್ರ್ಯಾಂಕ್ ಶಾಫ್ಟ್ ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುತ್ತದೆ. ಮೇಲಿನ ಕ್ಯಾಮ್ ಶಾಫ್ಟ್ ವಾಲ್ವ್‌ಗಳನ್ನು ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಆ ಲೆಕ್ಕವನ್ನು ಕಾಯುವುದು ಬೆಲ್ಟ್. ಇಂಜಿನ್ ನಿಮಿಷಕ್ಕೆ 3,000 ಸುತ್ತು ಓಡುವಾಗ ಕ್ರ್ಯಾಂಕ್ ಸೆಕೆಂಡಿಗೆ 50 ಸಲ ಸುತ್ತುತ್ತದೆ, ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಈ ವೇಗದಲ್ಲಿ ಬೆಲ್ಟ್ ಹರಿದರೆ ಕ್ಯಾಮ್ ಶಾಫ್ಟ್ ಸ್ಪ್ರಿಂಗ್‌ಗಳ ಒತ್ತಡಕ್ಕೆ ತಟಕ್ಕನೆ ನಿಂತುಬಿಡುತ್ತದೆ. ಕ್ರ್ಯಾಂಕ್ ಮಾತ್ರ ಓಟದ ರಭಸಕ್ಕೆ ಇನ್ನೂ ಸುತ್ತುತ್ತಿರುತ್ತದೆ. ಕೆಲವು ವಾಲ್ವ್‌ಗಳು ತೆರೆದ ಸ್ಥಿತಿಯಲ್ಲೇ ನಿಂತಿರುವಾಗ ಪಿಸ್ಟನ್ ಮೇಲಕ್ಕೆ ಬರುತ್ತದೆ.

ಮುಂದೆ ಆಗುವುದು ಇಂಜಿನ್ನಿನ ವಿನ್ಯಾಸಕ್ಕೆ ಬಿಟ್ಟದ್ದು. ಕೆಲವು ಇಂಜಿನ್‌ಗಳಲ್ಲಿ ಪೂರ್ತಿ ತೆರೆದ ವಾಲ್ವಿಗೂ ಮೇಲಕ್ಕೆ ಬಂದ ಪಿಸ್ಟನ್ನಿಗೂ ನಡುವೆ ಜಾಗ ಉಳಿಯುತ್ತದೆ. ಅಂಥವುಗಳಲ್ಲಿ ಗಾಡಿ ನಿಲ್ಲುತ್ತದೆ, ಒಳಗೆ ಏನೂ ಆಗುವುದಿಲ್ಲ. ಬಹಳಷ್ಟು ಇಂಜಿನ್‌ಗಳಲ್ಲಿ ಆ ಜಾಗವಿಲ್ಲ. ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಬೆಂಡ್ ಆಗುತ್ತದೆ. ನಮ್ಮ ರಸ್ತೆಗಳಲ್ಲಿ ಇನ್ನೂ ಓಡಾಡುತ್ತಿರುವ ಹಳೆಯ ಸ್ಯಾಂಟ್ರೊ ಈ ಎರಡನೆಯ ಗುಂಪಿನದು. ಡೀಸೆಲ್ ಇಂಜಿನ್‌ನಲ್ಲಿ ಕಂಪ್ರೆಷನ್ ಹೆಚ್ಚು, ಪಿಸ್ಟನ್ ಮೇಲಿನ ಜಾಗ ಬಹಳ ಕಿರಿದು. ಆದ್ದರಿಂದ ಡೀಸೆಲ್ ಕಾರಿನ ಬೆಲ್ಟ್ ತುಂಡಾದರೆ ವಾಲ್ವಿಗೆ ಪೆಟ್ಟು ಬಿದ್ದಿದೆ ಎಂದೇ ಎಣಿಸಿ ಮುಂದುವರಿಯಿರಿ.

ನಿಮ್ಮ ಕಾರಿನಲ್ಲಿ ಬೆಲ್ಟೋ, ಚೈನೋ?

ಅಂಬಾಸಿಡರ್, ಪದ್ಮಿನಿಯ ಹಳೆಯ ಪೆಟ್ರೋಲ್ ಇಂಜಿನ್‌ಗಳಲ್ಲಿ ಈ ಕೆಲಸಕ್ಕೆ ಕಬ್ಬಿಣದ ಚೈನ್ ಇತ್ತು. ಕಾರುಗಳಲ್ಲಿ ಹಲ್ಲಿನ ರಬ್ಬರ್ ಬೆಲ್ಟನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ತಂದದ್ದು ಜರ್ಮನಿಯ ಗ್ಲಾಸ್ ಕಂಪನಿ, 1962ರಲ್ಲಿ, ತನ್ನ 1004 ಮಾಡೆಲ್ಲಿನಲ್ಲಿ. ಹಗುರ, ಸದ್ದಿಲ್ಲ, ಎಣ್ಣೆ ಬೇಡ, ಅಗ್ಗ. ಹೀಗಾಗಿ ಮುಂದೆ ಎಲ್ಲೆಡೆ ಹಬ್ಬಿತು. ನಮ್ಮಲ್ಲಿ ಮಾರುತಿ 800, ಓಮ್ನಿ, ಹಳೆಯ ಜೆನ್ ಮತ್ತು ಎಸ್ಟೀಮ್, ಸ್ಯಾಂಟ್ರೊ, ಇಂಡಿಕಾ ಡೀಸೆಲ್, ಕ್ವಾಲಿಸ್, 2.5 ಲೀಟರ್ ಡೀಸೆಲ್ ಇನ್ನೋವಾ, ಲೋಗನ್ ಮತ್ತು ಡಸ್ಟರ್‌ನ 1.5 ಡೀಸೆಲ್, ಫಿಗೊದ 1.4 ಡೀಸೆಲ್ ಇವೆಲ್ಲ ಬೆಲ್ಟಿನವು. ಸ್ವಿಫ್ಟ್‌ನ 1.3 ಡೀಸೆಲ್ ಮತ್ತು ಕೆ-ಸೀರೀಸ್ ಪೆಟ್ರೋಲ್ ಇಂಜಿನ್‌ಗಳಿಗೆ ಚೈನ್ ಇದೆ. ಒಂದೇ ಹೆಸರಿನ ಕಾರಿನಲ್ಲಿ ಇಂಜಿನ್ ಬದಲಾದರೆ ಇದೂ ಬದಲಾಗುತ್ತದೆ: ಐ10ರ 1.1 ಲೀಟರ್ ಇಂಜಿನ್ನಿಗೆ ಬೆಲ್ಟ್, 1.2ಕ್ಕೆ ಚೈನ್. ಕಾರಿನ ಜೊತೆ ಬಂದ ಓನರ್ಸ್ ಮ್ಯಾನುಯಲ್ ತೆಗೆದು ಸರ್ವಿಸ್ ಪಟ್ಟಿಯಲ್ಲಿ ನೋಡುವುದು ನಂಬಿಕೆಯ ದಾರಿ.

ರಸ್ತೆಯಲ್ಲಿ ನಿಂತ ಹೊತ್ತಿನಲ್ಲಿ

ಓಟದಲ್ಲಿ ಇಂಜಿನ್ ಸತ್ತ ಕೂಡಲೇ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಗೇರಿನಲ್ಲೇ ಇದ್ದರೆ ಉರುಳುವ ಚಕ್ರಗಳು ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ, ಪೆಟ್ಟಿನ ಮೇಲೆ ಪೆಟ್ಟು ಬೀಳುತ್ತದೆ. ಪವರ್ ಸ್ಟೀರಿಂಗ್ ಇರುವ ಕಾರಾದರೆ ಸ್ಟೀರಿಂಗ್ ಭಾರವಾಗುತ್ತದೆ, ಗಾಬರಿಯಾಗದೆ ಎರಡೂ ಕೈಯಿಂದ ಹಿಡಿದು ತಿರುಗಿಸಿ. ಬ್ರೇಕ್ ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ಸಲದ ಬ್ರೇಕಿಗೆ ಸಾಕು. ಪೆಡಲನ್ನು ಪದೇ ಪದೇ ತುಳಿದು ಅದನ್ನು ಖಾಲಿ ಮಾಡದೆ, ಒಂದೇ ಒತ್ತು ಒತ್ತಿ ಎಡಕ್ಕೆ ತಂದು ನಿಲ್ಲಿಸಿ. ಗಾಡಿ ಪೂರ್ತಿ ನಿಲ್ಲುವವರೆಗೆ ಕೀಲಿ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು.

ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ನಿಂತರೆ ಇನ್ನೊಂದು ಎಚ್ಚರ ಬೇಕು. ಇಳಿಜಾರಿನಲ್ಲಿ ನಾವು ಗಾಡಿಯನ್ನು ಗೇರಿಗೆ ಹಾಕಿ ನಿಲ್ಲಿಸುತ್ತೇವೆ. ಅಲ್ಲಿ ಗಾಡಿಯನ್ನು ಹಿಡಿದಿಡುವುದು ಸಿಲಿಂಡರಿನೊಳಗಿನ ಕಂಪ್ರೆಷನ್. ಬೆಲ್ಟ್ ತುಂಡಾದಾಗ ಕೆಲವು ವಾಲ್ವ್ ತೆರೆದೇ ಇರುವುದರಿಂದ ಆ ಹಿಡಿತ ಸಡಿಲವಾಗುತ್ತದೆ. ಗಾಡಿ ಜಾರಿದರೆ ಇಂಜಿನ್ ಬೇರೆ ತಿರುಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್‌ನಲ್ಲೇ ಇರಲಿ. ನಾಲ್ಕೂ ಇಂಡಿಕೇಟರ್ ಹಾಕಿ, ತ್ರಿಕೋನವನ್ನು ಸಾಕಷ್ಟು ಹಿಂದೆ, ತಿರುವಿದ್ದರೆ ತಿರುವಿನ ಆಚೆಗೇ ಇಡಿ. ಜೊತೆಯಲ್ಲಿದ್ದವರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಾದರೆ ಸಹಾಯವಾಣಿ 1033, ಅಪಾಯದ ಸ್ಥಿತಿಯಾದರೆ 112.

ಟೋಯಿಂಗ್ ಗಾಡಿ ಕರೆಸುವಾಗ ಇಡೀ ಕಾರನ್ನು ಮೇಲೆ ಹೇರಿಕೊಳ್ಳುವ ಗಾಡಿಯನ್ನೇ ಕೇಳಿ. ಹಗ್ಗ ಕಟ್ಟಿ ಎಳೆಸುವುದು, ಬ್ರೇಕು ಸ್ಟೀರಿಂಗುಗಳ ಬಲ ಕುಗ್ಗಿದ ಗಾಡಿಗೆ, ಅದರಲ್ಲೂ ಘಾಟಿಯಲ್ಲಿ, ಜೀವಕ್ಕೇ ಅಪಾಯ. ವಿಮೆಯ ಜೊತೆ ರಸ್ತೆ ನೆರವಿನ ಸೌಲಭ್ಯ ತೆಗೆದುಕೊಂಡಿದ್ದರೆ ಟೋಯಿಂಗ್ ಖರ್ಚು ಅದರಲ್ಲಿ ಬರುತ್ತದೆಯೇ ನೋಡಿ. ರಿಪೇರಿ ಖರ್ಚು ಮಾತ್ರ ವಿಮೆಯಿಂದ ಬರುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿ ಸವೆತಕ್ಕೂ ಯಾಂತ್ರಿಕ ದೋಷಕ್ಕೂ ಪರಿಹಾರ ಕೊಡುವುದಿಲ್ಲ.

ತುಂಡಾದದ್ದು ಬೆಲ್ಟೇ ಹೌದೆ?

ಓಡುವ ಗಾಡಿ ನಿಲ್ಲುವುದಕ್ಕೆ ಫ್ಯೂಯಲ್ ಪಂಪ್, ಸೆನ್ಸರ್, ವೈರಿಂಗ್ ಹೀಗೆ ಹತ್ತು ಕಾರಣ ಇರುತ್ತದೆ. ಬೆಲ್ಟ್ ತುಂಡಾಗಿದ್ದರೆ ಸೆಲ್ಫಿನ ಸದ್ದಿನಲ್ಲೇ ಗೊತ್ತಾಗುತ್ತದೆ. ಆರೋಗ್ಯವಾಗಿರುವ ಇಂಜಿನ್ ಸೆಲ್ಫ್ ಹೊಡೆದಾಗ ತಡೆದು ತಡೆದು, ಏರಿಳಿತದಲ್ಲಿ ಸುತ್ತುತ್ತದೆ, ಪ್ರತಿ ಸಿಲಿಂಡರಿನ ಕಂಪ್ರೆಷನ್ ಅದನ್ನು ತಡೆಯುತ್ತಿರುತ್ತದೆ. ಬೆಲ್ಟ್ ಹೋಗಿದ್ದರೆ ಏರಿಳಿತವಿಲ್ಲದೆ, ಎಂದಿಗಿಂತ ಸಲೀಸಾಗಿ, ಗುಂಯ್ ಎಂದು ಸುತ್ತಿಬಿಡುತ್ತದೆ. ತಿಳಿಯದೆ ಒಮ್ಮೆ ಕೀಲಿ ತಿರುಗಿಸಿ ಈ ಸದ್ದು ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ. ಪರೀಕ್ಷೆಗೆಂದು ಎರಡನೆಯ ಸಲ ಹೊಡೆಯುವುದು ಬೇಡ.

ಗ್ಯಾರೇಜಿನಲ್ಲಿ ಮೇಲಿನ ಕವರಿನ ನಾಲ್ಕಾರು ಬೋಲ್ಟು ಬಿಚ್ಚಿದರೆ ಬೆಲ್ಟ್ ಕಾಣುತ್ತದೆ. ಮೇಲಿನಿಂದ ಬೆಲ್ಟ್ ಸುಸ್ಥಿತಿಯಲ್ಲಿ ಕಂಡರೂ ನಂಬಬೇಡಿ. ಎಷ್ಟೋ ಸಲ ಪಟ್ಟಿ ಹಾಗೇ ಇದ್ದು, ಕೆಳಗೆ ಕ್ರ್ಯಾಂಕ್ ಪುಲ್ಲಿಯ ಬಳಿ ಹಲ್ಲುಗಳು ಮಾತ್ರ ಕಿತ್ತುಹೋಗಿರುತ್ತವೆ. ಕೆಳಗಿನ ಕವರನ್ನೂ ಬಿಚ್ಚಿಸಿ ಬೆಲ್ಟಿನ ಪೂರ್ತಿ ಸುತ್ತು ನೋಡಬೇಕು.

ಹರಿದ ಬೆಲ್ಟ್ ಹೇಳುವ ಕಾರಣ

ಗ್ಯಾರೇಜಿನಲ್ಲಿ ಮೊದಲು ಹೇಳಬೇಕಾದ ಮಾತು: "ಅಣ್ಣಾ, ಹಳೇ ಬೆಲ್ಟ್ ಬಿಸಾಡಬೇಡಿ, ನಂಗೆ ಬೇಕು." ಅದನ್ನು ಬೆಳಕಿಗೆ ಹಿಡಿದು ನೋಡಿದರೆ ಕಾರಣ ಬಹುಪಾಲು ಅದರಲ್ಲೇ ಸಿಗುತ್ತದೆ.

ಬೆನ್ನ ಮೇಲೆ ಅಡ್ಡಡ್ಡ ಬಿರುಕುಗಳಿದ್ದು, ರಬ್ಬರ್ ಗಟ್ಟಿಯಾಗಿ ಹೊಳಪೇರಿದ್ದರೆ ವಯಸ್ಸು ಮತ್ತು ಬಿಸಿ ಕಾರಣ. ರಬ್ಬರ್ ಉಬ್ಬಿ, ಬೆರಳಿಗೆ ಮೆತ್ತಗೆ ಜಿಗುಟಾಗಿ ಸಿಕ್ಕಿದರೆ ಎಣ್ಣೆ ತಾಗಿದೆ, ಕ್ಯಾಮ್ ಅಥವಾ ಕ್ರ್ಯಾಂಕಿನ ಆಯಿಲ್ ಸೀಲ್ ಸೋರುತ್ತಿದೆ ಎಂದರ್ಥ. ಒಂದು ಅಂಚು ಮಾತ್ರ ಸವೆದು ನಾರು ಎದ್ದಿದ್ದರೆ ಯಾವುದೋ ಪುಲ್ಲಿ ಅಥವಾ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಓರೆಯಾಗಿದೆ, ಇಲ್ಲವೇ ಬೇರಿಂಗ್ ಸಡಿಲವಾಗಿದೆ. ಒಂದೇ ಕಡೆ ಸಾಲಾಗಿ ಹಲ್ಲುಗಳು ಕಿತ್ತಿದ್ದರೆ ವಾಟರ್ ಪಂಪ್, ಕ್ಯಾಮ್ ಅಥವಾ ಡೀಸೆಲ್ ಪಂಪ್‌ಗಳಲ್ಲಿ ಒಂದು ಜಾಮ್ ಆಗಿರುವ ಸಾಧ್ಯತೆ ಇದೆ. ಬಿರುಕು ಸವೆತ ಯಾವುದೂ ಇಲ್ಲದೆ ಕತ್ತರಿಸಿದಂತೆ ನೇರವಾಗಿ ತುಂಡಾಗಿದ್ದರೆ, ಜೋಡಿಸುವ ಮುಂಚೆ ಯಾರೋ ಬೆಲ್ಟನ್ನು ಮಡಿಸಿ ಒಳಗಿನ ಹುರಿಗಳನ್ನು ಮುರಿದಿರಬಹುದು. ಕವರ್ ಒಡೆದಿದ್ದು ಒಳಗೆ ಕಲ್ಲಿನ ಚೂರು ಸಿಕ್ಕಿದರೆ ಅದೇ ಅಪರಾಧಿ. ಊರಮನೆಯಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇಲಿ ಕಡಿದ ಗುರುತೂ ಸಿಗುತ್ತದೆ.

ಇದನ್ನು ನೋಡದೆ ಹೊಸ ಬೆಲ್ಟ್ ಹಾಕಿಸಿದರೆ ಸೋರುವ ಸೀಲ್ ಹೊಸದನ್ನೂ ತಿನ್ನುತ್ತದೆ, ಜಾಮ್ ಆದ ಪಂಪ್ ಹೊಸದರ ಹಲ್ಲನ್ನೂ ಕೀಳುತ್ತದೆ. ಬೆಲ್ಟ್ ತೆಗೆದಿರುವಾಗಲೇ ಟೆನ್ಷನರ್, ಐಡ್ಲರ್, ವಾಟರ್ ಪಂಪ್ ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿ ನೋಡಿಸಿ. ಗರಗರ ಸದ್ದು, ಅಲುಗಾಟ, ಬಿಗಿತ ಯಾವುದೂ ಇರಬಾರದು.

ಒಳಗಿನ ಪೆಟ್ಟು ಅಳೆಯುವ ಕ್ರಮ

ಇಲ್ಲಿ ಎರಡು ಬಗೆಯ ತಪ್ಪು ಆಗುತ್ತದೆ. ಕೆಲವರು ಬೆಲ್ಟ್ ಹಾಕಿ ಸೀದಾ ಸೆಲ್ಫ್ ಹೊಡೆಯುತ್ತಾರೆ. ಕೆಲವರು ಏನನ್ನೂ ಅಳೆಯದೆ "ಹೆಡ್ ಇಳಿಸಲೇಬೇಕು", ಅಂದರೆ ವಾಲ್ವ್‌ಗಳಿರುವ ಇಂಜಿನ್ನಿನ ಮೇಲ್ಭಾಗ ಬಿಚ್ಚಲೇಬೇಕು ಎನ್ನುತ್ತಾರೆ. ನಡುವೆ ಒಂದು ಕ್ರಮವಿದೆ, ಅದನ್ನು ಮಾಡಿಸಿ.

ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಸಾಧ್ಯವಾದರೆ ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ನಿನ ತಲೆಯ ಮೇಲೆ ಅರ್ಧಚಂದ್ರದ ಹೊಸ ಗುರುತು ಬಿದ್ದಿದೆಯೇ ನೋಡಬೇಕು. ಆಮೇಲೆ ಕ್ಯಾಮನ್ನು ಅದರ ಗುರುತಿಗೆ ತರಬೇಕು. ಸಾಲಾಗಿರುವ ನಾಲ್ಕು ಸಿಲಿಂಡರಿನ ಇಂಜಿನ್‌ನಲ್ಲಿ ಕ್ರ್ಯಾಂಕನ್ನು ಮೇಲಿನ ಗುರುತಿನಿಂದ ಕಾಲು ಸುತ್ತು ಆಚೆಗೆ ಇಟ್ಟರೆ ನಾಲ್ಕೂ ಪಿಸ್ಟನ್ ಸಿಲಿಂಡರಿನ ನಡುಮಟ್ಟದಲ್ಲಿ ನಿಲ್ಲುತ್ತವೆ, ಕ್ಯಾಮ್ ತಿರುಗಿಸಿದರೂ ವಾಲ್ವ್ ತಾಕುವುದಿಲ್ಲ. ಮಾರುತಿ 800ರಂಥ ಮೂರು ಸಿಲಿಂಡರಿನ ಇಂಜಿನ್ನಿಗೆ ಈ ಲೆಕ್ಕ ಹೊಂದುವುದಿಲ್ಲ, ಅದರ ಸರ್ವಿಸ್ ಪುಸ್ತಕದ ಕ್ರಮವೇ ಬೇಕು.

ಎರಡೂ ಗುರುತು ಕೂಡಿಸಿ ಬೆಲ್ಟ್ ಹಾಕಿದ ಮೇಲೆ, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಕೈಯಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲಾದರೂ ಟಕ್ಕೆಂದು ತಡೆದರೆ ಬಲ ಹಾಕಬಾರದು. ಸಲೀಸಾಗಿ ತಿರುಗಿದರೆ ಕಂಪ್ರೆಷನ್ ಟೆಸ್ಟ್. ವಾಲ್ವ್ ಬೆಂಡ್ ಆದ ಸಿಲಿಂಡರಿನಲ್ಲಿ ಗೇಜಿನ ಮುಳ್ಳು ಮೇಲೇಳುವುದೇ ಇಲ್ಲ, ಎದ್ದರೂ ಉಳಿದವುಗಳಿಗಿಂತ ಬಹಳ ಕೆಳಗೆ ನಿಲ್ಲುತ್ತದೆ. ಇನ್ನೂ ನಂಬಿಕೆಯಾದದ್ದು ಲೀಕ್ ಟೆಸ್ಟ್: ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡುವುದು. ಏರ್ ಫಿಲ್ಟರ್ ಕಡೆ ಬುಸ್ ಎಂದರೆ ಇನ್ಲೆಟ್ ವಾಲ್ವ್, ಸೈಲೆನ್ಸರ್ ಕಡೆ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್. ತುಸುವೇ ಬಾಗಿದ ವಾಲ್ವೂ ಇದರಲ್ಲಿ ಸಿಕ್ಕಿಬೀಳುತ್ತದೆ. ಅದು ಮುಖ್ಯ, ಏಕೆಂದರೆ ಬಾಗಿದ ವಾಲ್ವ್ ಕೆಲವು ದಿನ ಓಡಿ, ತಲೆ ಮುರಿದು ಸಿಲಿಂಡರಿಗೆ ಬಿದ್ದರೆ ಆಮೇಲೆ ಪಿಸ್ಟನ್ನೂ ಹೋಗುತ್ತದೆ.

ಎಲ್ಲ ಸಿಲಿಂಡರೂ ಸಮನಾಗಿ ಬಂದರೆ ಇಂಜಿನ್ ಸ್ಟಾರ್ಟ್ ಮಾಡಬಹುದು. ಬರದಿದ್ದರೆ ಹೆಡ್ ಇಳಿಸಲೇಬೇಕು.

ಹೆಡ್ ಇಳಿಸಿದ ಮೇಲೆ

ಹೆಡ್ ಲೇತ್ ಅಂಗಡಿಗೆ ಹೋಗುತ್ತದೆ. ಬಾಗಿದ ವಾಲ್ವನ್ನು ನೆಟ್ಟಗೆ ಮಾಡಿಸಿ ಹಾಕುವ ಮಾತು ಬಂದರೆ ಒಪ್ಪಬೇಡಿ, ಅವು ಹೊಸವೇ ಆಗಬೇಕು. ವಾಲ್ವ್ ಬಾಗುವಾಗ ಅದರ ಗೈಡ್ ಸೀಳಿರಬಹುದು, ಸೀಟಿಗೂ ಪೆಟ್ಟಾಗಿರಬಹುದು, ಎರಡನ್ನೂ ನೋಡಿಸಿ. ರಾಕರ್ ಆರ್ಮ್, ಕ್ಯಾಮ್ ಶಾಫ್ಟ್‌ನಲ್ಲಿ ಬಿರುಕಿದೆಯೇ ಪರೀಕ್ಷಿಸಿ. ವಾಲ್ವ್ ಸೀಲ್, ಹೆಡ್ ಗ್ಯಾಸ್ಕೆಟ್ ಹೊಸವು. ಹೆಡ್ಡಿನ ಮೈ ಸಮತಟ್ಟಾಗಿದೆಯೇ ಅಳೆದು, ಬೇಕಿದ್ದರೆ ಮಾತ್ರ ಫೇಸಿಂಗ್. ಕೆಲವು ಇಂಜಿನ್‌ಗಳ ಹೆಡ್ ಬೋಲ್ಟನ್ನು ಒಮ್ಮೆ ಬಿಗಿದರೆ ಮತ್ತೆ ಬಳಸುವಂತಿಲ್ಲ, ಹೊಸದೇ ಬೇಕು. ಬಿಗಿಯುವುದು ಟಾರ್ಕ್ ರೆಂಚಿನಲ್ಲಿ, ಕಂಪನಿ ಹೇಳಿದ ಕ್ರಮದಲ್ಲಿ. ಕೊನೆಗೆ ಇಂಜಿನ್ ಆಯಿಲ್, ಫಿಲ್ಟರ್, ಕೂಲಂಟ್ ಮೂರನ್ನೂ ಬದಲಿಸಿ. ಹೆಡ್ ಎತ್ತುವಾಗ ಕೂಲಂಟ್ ಆಯಿಲಿಗೆ ಇಳಿದಿರಬಹುದು.

ಬೆಂಗಳೂರಿನ ಸುತ್ತಮುತ್ತಲಿನವರಿಗೆ ಜೆ.ಸಿ. ರಸ್ತೆಯಲ್ಲಿ ಹಳೆಯ ಕಾರುಗಳ ಬಿಡಿಭಾಗ ಇನ್ನೂ ಸಿಗುತ್ತವೆ. ಹೆಡ್ ಕೆಲಸಕ್ಕೆ ಬಾರದಷ್ಟು ಕೆಟ್ಟಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಹೆಡ್ ಹುಡುಕುವವರುಂಟು. ಹಾಗೆ ತಂದದ್ದನ್ನು ಬಿರುಕು ಪರೀಕ್ಷೆಗೆ, ಪ್ರೆಷರ್ ಟೆಸ್ಟಿಗೆ ಕೊಡದೆ ಕೂರಿಸಬೇಡಿ.

ಬರಿ ಬೆಲ್ಟ್ ಸಾಲದು

ಬೆಲ್ಟ್ ಬದಲಿಸುವ ಖರ್ಚಿನಲ್ಲಿ ದೊಡ್ಡ ಪಾಲು ಬಿಚ್ಚಿ ಜೋಡಿಸುವ ಕೂಲಿಯದು. ಅದೇ ಕೂಲಿಯಲ್ಲಿ ಟೆನ್ಷನರ್, ಐಡ್ಲರ್, ಆಯಿಲ್ ಸೀಲ್‌ಗಳನ್ನೂ ಬದಲಿಸಿ. ಡಸ್ಟರ್ ಮತ್ತು ಲೋಗನ್ನಿನ 1.5 ಡೀಸೆಲ್ ಇಂಜಿನ್‌ನಂತೆ ವಾಟರ್ ಪಂಪ್ ಕೂಡ ಈ ಬೆಲ್ಟಿನಿಂದಲೇ ತಿರುಗುವುದಾದರೆ ಅದನ್ನೂ ಸೇರಿಸಿ. ಹಳೆಯ ಬೇರಿಂಗಿನ ಮೇಲೆ ಹೊಸ ಬೆಲ್ಟ್ ಹಾಕುವುದು ಕೊಳೆತ ಕಂಬಕ್ಕೆ ಹೊಸ ಹೆಂಚು ಹೊದಿಸಿದ ಹಾಗೆ.

ಸಾಮಾನು ಕೊಳ್ಳುವಾಗ ಕಂಪನಿಯ ಅಧಿಕೃತ ಮಾರಾಟಗಾರರ ಬಳಿ, ಸೀಲ್ ಒಡೆಯದ ಪೊಟ್ಟಣದಲ್ಲಿ, ಬಿಲ್ ಸಮೇತ ಕೊಳ್ಳಿ. ಟೈಮಿಂಗ್ ಬೆಲ್ಟಿನಲ್ಲಿ ಡೂಪ್ಲಿಕೇಟ್ ಬಂದರೆ ಉಳಿದ ನೂರಿನ್ನೂರು ರೂಪಾಯಿ ಇಡೀ ಇಂಜಿನ್ನನ್ನೇ ಪಣಕ್ಕಿಡುತ್ತದೆ. ಜೋಡಿಸುವಾಗ ಹತ್ತಿರ ನಿಂತು ನೋಡಿ: ಬೆಲ್ಟನ್ನು ಮಡಿಸಬಾರದು, ಒಳಮೈ ಹೊರಗೆ ತಿರುವಬಾರದು, ಸ್ಕ್ರೂಡ್ರೈವರ್ ಹಾಕಿ ಮೀಟಿ ಏರಿಸಬಾರದು, ಎಣ್ಣೆ ಕೈ ತಾಗಿಸಬಾರದು. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ಇಂಜಿನ್ ತಿರುಗುವ ದಿಕ್ಕಿಗಿರಬೇಕು. ಟೆನ್ಷನ್ ಕೊಟ್ಟ ಮೇಲೆ ಕೈಯಿಂದ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಸೇರುತ್ತವೆಯೇ ನೋಡಿಯೇ ಕವರ್ ಮುಚ್ಚಬೇಕು.

ರಿಪೇರಿಯೋ, ಗುಜರಿಯೋ?

ಲಿಖಿತ ಅಂದಾಜು ಎರಡು ಕಡೆ ಕೇಳಿ. ಅದರಲ್ಲಿ ಲೇತ್ ಕೆಲಸ, ಬಿಡಿಭಾಗ, ಕೂಲಿ ಬೇರೆ ಬೇರೆ ಇರಲಿ. ಬಾಡಿ ತುಕ್ಕು ಹಿಡಿಯದ, ಗೇರ್‌ಬಾಕ್ಸ್ ಗಟ್ಟಿಯಾಗಿರುವ, ಚೆನ್ನಾಗಿ ಸಾಕಿದ ಕಾರಾದರೆ ಹೆಡ್ ಕೆಲಸ ಮಾಡಿಸುವುದು ಸಾರ್ಥಕ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ಪರೀಕ್ಷೆ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಆ ಗಡುವು ಹತ್ತಿರವಿದ್ದರೆ ಆ ಖರ್ಚನ್ನೂ ಇದಕ್ಕೆ ಕೂಡಿಸಿ ಯೋಚಿಸಿ. ಕೈಬಿಡುವುದೇ ಸರಿ ಎನಿಸಿದರೆ 2021ರ ನಿಯಮದಡಿ ನೋಂದಾಯಿತವಾದ ವಾಹನ ಗುಜರಿ ಕೇಂದ್ರಕ್ಕೇ ಒಪ್ಪಿಸಿ, ಠೇವಣಿ ಪ್ರಮಾಣಪತ್ರ ಪಡೆದು, ಆರ್‌ಸಿ ರದ್ದಾಗಿದೆಯೇ ಖಚಿತಪಡಿಸಿಕೊಳ್ಳಿ. ದಾಖಲೆಯಿಲ್ಲದೆ ಕೊಟ್ಟ ಗಾಡಿ ಮುಂದೆ ಎಲ್ಲಿ ಏನಾದರೂ ಹೆಸರು ನಿಮ್ಮದೇ.

ತುಂಡಾಗುವ ಮುಂಚೆ

ಬಹಳಷ್ಟು ಕಾರುಗಳಿಗೆ ಬೆಲ್ಟ್ ಬದಲಿಸುವ ಗಡುವು 60,000ದಿಂದ 1,00,000 ಕಿಲೋಮೀಟರ್ ಆಸುಪಾಸಿನಲ್ಲಿರುತ್ತದೆ, ಜೊತೆಗೆ ವರ್ಷದ ಲೆಕ್ಕವೂ ಇರುತ್ತದೆ. ಯಾವುದು ಮೊದಲು ಬರುತ್ತದೋ ಅದೇ ಗಡುವು. ಕಿಲೋಮೀಟರ್ ಓಡಿಲ್ಲ ಎಂದು ಸುಮ್ಮನಿರುವವರೇ ಹೆಚ್ಚು ಪೆಟ್ಟು ತಿನ್ನುತ್ತಾರೆ. ಊರಮನೆಯಲ್ಲಿ ಹಬ್ಬಕ್ಕೊಮ್ಮೆ ಹೊರಡುವ ಕಾರಿನ ಬೆಲ್ಟಿಗೂ ವಯಸ್ಸಾಗುತ್ತದೆ. ಈಗಿನ ರಬ್ಬರ್ ಬಿರುಕು ತೋರಿಸದೆಯೂ ಹರಿಯುವುದರಿಂದ "ನೋಡಿದ್ವಿ, ಚೆನ್ನಾಗಿದೆ" ಎಂಬ ಮಾತನ್ನು ಗಡುವಿನ ಬದಲಿಗೆ ಒಪ್ಪಬೇಡಿ. ಕೆಲವು ಟೊಯೋಟ ಡೀಸೆಲ್ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಟಿ-ಬೆಲ್ಟ್ ಎಂಬ ದೀಪವಿದೆ. ಅದು ಲೆಕ್ಕ ಹಾಕುವುದು ಕಿಲೋಮೀಟರನ್ನು ಮಾತ್ರ, ಬೆಲ್ಟಿನ ಆರೋಗ್ಯ ಅದಕ್ಕೆ ಕಾಣಿಸದು.

ಸೆಕೆಂಡ್ ಹ್ಯಾಂಡ್ ಕಾರು ಕೊಂಡರೆ, ಬೆಲ್ಟ್ ಬದಲಿಸಿದ ಬಿಲ್ಲು ಕೈಗೆ ಬಾರದ ಹೊರತು ಬದಲಿಸಿಲ್ಲ ಎಂದೇ ತಿಳಿದು ಮೊದಲ ವಾರದಲ್ಲೇ ಆ ಕೆಲಸ ಮುಗಿಸಿ. ಹೊಸದು ಹಾಕಿಸಿದ ದಿನಾಂಕ, ಓಡೋಮೀಟರಿನ ಅಂಕಿ, ಮುಂದಿನ ಗಡುವು ಮೂರನ್ನೂ ಬರೆದು ಕವರಿನ ಮೇಲೆ ಚೀಟಿ ಅಂಟಿಸಿ, ಬಿಲ್ಲಿನ ಜೊತೆ ಸರ್ವಿಸ್ ಪುಸ್ತಕದಲ್ಲೂ ಬರೆದಿಡಿ. ನಿಮ್ಮ ಕಾರಿನ ಬೆಲ್ಟ್ ಯಾವ ವರ್ಷದ್ದು ಎಂದು ಈಗ ಕೇಳಿದರೆ ಉತ್ತರ ಗೊತ್ತಿಲ್ಲವಾದರೆ, ಮುಂದಿನ ದೂರದ ಪ್ರಯಾಣಕ್ಕೆ ಮೊದಲು ಅದನ್ನು ಬದಲಿಸಿಕೊಂಡೇ ಹೊರಡಿ.